ವಿಟ್ಬಿ ಕಡೆ ಅಪ್ಪ ಅಮ್ಮನ ಜೊತೆ ಒಂದು ವಾರ: ಮನೆ ಬುಕ್ ಮಾಡುವ ಮುಂಚೆ ಇಷ್ಟು ನೋಡಿ

ನಿಮ್ಮ ಪ್ರಶ್ನೆ ಓದಿದೆ. ದಾವಣಗೆರೆಯಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ಅಪ್ಪನಿಗೆ ಮಂಡಿ ನೋವು, ಇಬ್ಬರೂ ಶುದ್ಧ ಸಸ್ಯಾಹಾರಿಗಳು, ಜೊತೆಗೆ ನೀವಿಬ್ಬರು, ಎರಡು ಮಕ್ಕಳು. ಮ್ಯಾಂಚೆಸ್ಟರಿನಿಂದ ಕಾರಿನಲ್ಲಿ ಇಂಗ್ಲೆಂಡಿನ ಪೂರ್ವ ಕರಾವಳಿಯ ವಿಟ್ಬಿ ಕಡೆ ಹೋಗಿ ಆಗಸ್ಟ್‌ನಲ್ಲಿ ಒಂದು ವಾರ ನಾವೇ ಅಡುಗೆ ಮಾಡಿಕೊಂಡು ಇರಬೇಕು, ಸಮುದ್ರವೂ ಬೇಕು, ಪಕ್ಕದ ನಾರ್ತ್ ಯಾರ್ಕ್ ಮೂರ್ಸ್ ಅನ್ನುವ ಗುಡ್ಡಗಾಡು ಕೂಡ ನೋಡಬೇಕು. ರಾಬಿನ್ ಹುಡ್ಸ್ ಬೇಯ ಕೆಳಗಿನ ಓಣಿಯಲ್ಲಿ ಒಂದು ಹಳೇ ಕಾಟೇಜ್, ವಿಟ್ಬಿಯಲ್ಲಿ ಎರಡನೇ ಮಹಡಿಯ ಒಂದು ಅಪಾರ್ಟ್‌ಮೆಂಟ್, ಇವೆರಡರಲ್ಲಿ ಯಾವುದು ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಎರಡೂ ಬೇಡ. ಉತ್ತರ ಸ್ವಲ್ಪ ಉದ್ದ ಆಗುತ್ತೆ, ಬಿಡುವು ಮಾಡಿಕೊಂಡು ಓದಿ.

ಮೊದಲು ರಾಬಿನ್ ಹುಡ್ಸ್ ಬೇ. ಫೋಟೊದಲ್ಲಿ ಕಾಣುವಷ್ಟೇ ಚೆಂದ, ಅದರಲ್ಲಿ ಅನುಮಾನ ಇಲ್ಲ. ಕೆಂಪು ಹೆಂಚಿನ ಪುಟ್ಟ ಪುಟ್ಟ ಮನೆಗಳು, ಒಂದರ ಮೇಲೊಂದು ಕೂತ ಹಾಗೆ. ಆದರೆ ಊರು ಇರುವುದು ಕಡಿದಾದ ಇಳಿಜಾರಿನಲ್ಲಿ. ಬಂದವರು ಕಾರನ್ನು ಮೇಲೆ ಪಾರ್ಕಿಂಗ್‌ನಲ್ಲಿ ಬಿಟ್ಟು ನಡೆದು ಇಳಿಯಬೇಕು. ಆರು ಜನರ ಬ್ಯಾಗು, ಅಕ್ಕಿ, ಬೇಳೆ, ಕುಕ್ಕರ್ ಎಲ್ಲಾ ಹೊತ್ತು ಇಳಿಯುವುದು ಒಂದು ದಿನದ ಮಾತು, ಹೇಗೋ ಆಗುತ್ತೆ. ಆದರೆ ಪ್ರತಿ ಸಲ ಹೊರಗೆ ಹೋಗುವಾಗಲೂ ಅಪ್ಪ ಆ ದಿಣ್ಣೆ ಹತ್ತಬೇಕಲ್ವಾ? ಎರಡನೇ ದಿನಕ್ಕೇ "ನೀವು ಹೋಗಿಬನ್ನಿ, ನಾನು ಇಲ್ಲೇ ಇರ್ತೀನಿ" ಅಂದುಬಿಡುತ್ತಾರೆ. ಮನೆಯೊಳಗೂ ಅಷ್ಟೇ. ಅವು ಮೀನುಗಾರರ ಹಳೇ ಮನೆಗಳು. ಮೆಟ್ಟಿಲು ಕಿರಿದು, ಏಣಿಯಷ್ಟು ಕಡಿದು, ತೊಲೆ ತಗ್ಗು. ಎಷ್ಟೋ ಮನೆಗಳಲ್ಲಿ ಮಲಗುವ ಕೋಣೆ ಒಂದು ಮಹಡಿಯಲ್ಲಿ, ಬಾತ್‌ರೂಮ್ ಇನ್ನೊಂದರಲ್ಲಿ. ರಾತ್ರಿ ಎರಡು ಸಲ ಏಳುವ ವಯಸ್ಸಿನವರಿಗೆ ಇದು ಅಪಾಯ. ಸ್ಟೇತ್ಸ್, ರನ್ಸ್ವಿಕ್ ಬೇ ಊರುಗಳದೂ ಹೆಚ್ಚುಕಡಿಮೆ ಇದೇ ಕಥೆ.

ಇನ್ನು ವಿಟ್ಬಿಯ ಅಪಾರ್ಟ್‌ಮೆಂಟ್. ಅದು ವೆಸ್ಟ್ ಕ್ಲಿಫ್ ಮೇಲೆ ಇದೆ ಅಂದಿರಿ. ಜಾಗ ಬಹಳ ಒಳ್ಳೆಯದು. ಅಲ್ಲಿ ಮೇಲೆ ನೆಲ ಸುಮಾರು ಸಮತಟ್ಟು, ಅಗಲ ಫುಟ್‌ಪಾತ್, ಕೂರಲು ಬೆಂಚು, ನಾವಿಕ ಕ್ಯಾಪ್ಟನ್ ಕುಕ್‌ನ ಪ್ರತಿಮೆ, ತಿಮಿಂಗಿಲದ ಮೂಳೆಯ ಕಮಾನು, ಎದುರಿಗೆ ಬಂದರಿನ ಆಚೆ ಅಬ್ಬೆ, ಅಂದರೆ ಪಾಳುಬಿದ್ದ ಹಳೇ ಕ್ರೈಸ್ತ ಮಠ. ಅಪ್ಪ ಸಂಜೆ ಅಲ್ಲಿ ಆರಾಮಾಗಿ ವಾಕಿಂಗ್ ಮಾಡಬಹುದು. ತೊಂದರೆ ಏನಂದರೆ ಅಲ್ಲಿನ ಅಪಾರ್ಟ್‌ಮೆಂಟ್‌ಗಳಲ್ಲಿ ಬಹಳಷ್ಟು ವಿಕ್ಟೋರಿಯನ್ ಕಾಲದ ಎತ್ತರದ ಕಟ್ಟಡಗಳನ್ನು ಭಾಗ ಮಾಡಿದ್ದು. ಲಿಫ್ಟ್ ಇದ್ದರೆ ಅದೃಷ್ಟ. ಎರಡನೇ ಮಹಡಿ ಬೇಡ. ಅದೇ ರಸ್ತೆಯಲ್ಲಿ ನೆಲಮಹಡಿಯದು ಸಿಕ್ಕರೆ ಕಣ್ಣು ಮುಚ್ಚಿ ಹಿಡಿಯಿರಿ, ಆದರೆ ಬಾಗಿಲಿಗೆ ಎಷ್ಟು ಮೆಟ್ಟಿಲು ಅಂತ ಒಂದು ಮಾತು ಕೇಳಿ. ಕಾರು ನಿಲ್ಲಿಸಲು ಪರ್ಮಿಟ್ ಕೊಡುತ್ತಾರಾ ಅಂತಲೂ ಕೇಳಿ. ಆಗಸ್ಟ್‌ನಲ್ಲಿ ವಿಟ್ಬಿಯಲ್ಲಿ ಕಾರಿಗೆ ಜಾಗ ಹುಡುಕುವುದು ಸುಲಭದ ಕೆಲಸ ಅಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಎಸ್ಕ್ ಕಣಿವೆಯಲ್ಲಿ ಮನೆ ನೋಡುತ್ತಿದ್ದೆ. ಸ್ಲೈಟ್ಸ್, ಗ್ರೋಸ್ಮಾಂಟ್, ಎಗ್ಟನ್ ಹಳ್ಳಿಗಳ ಸುತ್ತಮುತ್ತ. ಸ್ಲೈಟ್ಸ್‌ನಿಂದ ವಿಟ್ಬಿಗೆ ಕಾರಿನಲ್ಲಿ ಹತ್ತು ನಿಮಿಷದ ದಾರಿ, ಇನ್ನೊಂದು ಕಡೆ ದಿಣ್ಣೆ ಹತ್ತಿದರೆ ನೇರ ಮೂರ್ಸ್. ರೈಲು ನಿಲ್ದಾಣವೂ ಇದೆ. ಮಿಡಲ್ಸ್‌ಬರೋದಿಂದ ವಿಟ್ಬಿಗೆ ಹೋಗುವ ಚಿಕ್ಕ ರೈಲು ಅಲ್ಲಿ ನಿಲ್ಲುತ್ತೆ, ದಿನಕ್ಕೆ ಕೆಲವೇ ಕೆಲವು ಗಾಡಿ, ಹೊತ್ತು ನೋಡಿಕೊಂಡು ಹೋಗಬೇಕು. ಈ ಕಡೆ ಹಳೇ ದನದ ಕೊಟ್ಟಿಗೆಗಳನ್ನು ರಿಪೇರಿ ಮಾಡಿ ಒಂದೇ ಮಹಡಿಯ ಮನೆ ಮಾಡಿರುತ್ತಾರೆ. ಬಾರ್ನ್ ಕನ್ವರ್ಷನ್ ಅಂತ ಹುಡುಕಿ. ಮೆಟ್ಟಿಲ ಕಾಟ ಇರುವುದಿಲ್ಲ, ಕಾರು ಬಾಗಿಲ ಮುಂದೆಯೇ, ಮಕ್ಕಳಿಗೆ ಓಡಾಡಲು ಅಂಗಳ. ಸಮುದ್ರ ಕಿಟಕಿಯಿಂದ ಕಾಣುವುದಿಲ್ಲ, ಅದೊಂದೇ ಕೊರತೆ. ಕಿಟಕಿಯಿಂದ ಸಮುದ್ರ ಕಾಣುವುದಕ್ಕಿಂತ ಅಪ್ಪ ದಿನಾ ನಿಮ್ಮ ಜೊತೆ ಹೊರಗೆ ಬರುವುದು ದೊಡ್ಡದು ಅಂತ ನನ್ನ ಅನಿಸಿಕೆ.

ಹಾಗಂತ ಹಳೇ ಕಟ್ಟಡಗಳನ್ನು ದೂರುತ್ತಿಲ್ಲ. ಲ್ಯಾಂಡ್‌ಮಾರ್ಕ್ ಟ್ರಸ್ಟ್ ಅಂತ 1965ರಲ್ಲಿ ಶುರುವಾದ ಸಂಸ್ಥೆ ಇದೆ, ಹಾಳು ಬೀಳುವ ಹಳೇ ಕಟ್ಟಡ ಉಳಿಸಿ ಬಾಡಿಗೆಗೆ ಕೊಡುತ್ತೆ. ರಾಬಿನ್ ಹುಡ್ಸ್ ಬೇ ಹತ್ತಿರವೇ ಅವರದ್ದೊಂದು ಹಂದಿಗೂಡು ಇದೆ! ಹಿಂದೆ ಅಲ್ಲಿನ ಜಮೀನ್ದಾರರೊಬ್ಬರು ಹಂದಿಗಳಿಗೆ ಅಂತ ಗ್ರೀಕ್ ದೇವಸ್ಥಾನದ ಥರ ಕಂಬ ನಿಲ್ಲಿಸಿ ಕಟ್ಟಿಸಿದ್ದು. ಈಗ ಅದರಲ್ಲಿ ಇಬ್ಬರು ಇರಬಹುದು. ಮುಂದೆ ಎಂದಾದರೂ ನೀವಿಬ್ಬರೇ ಹೋಗುವಾಗ ನೋಡಿ.

ಜಾಹೀರಾತು ಓದುವಾಗ ಆರು ಜನ ಮಲಗಬಹುದು ಅಂತ ಇದ್ದರೆ ಅಲ್ಲಿಗೇ ನಿಲ್ಲಬೇಡಿ. ಅದರಲ್ಲಿ ಇಬ್ಬರ ಲೆಕ್ಕ ಹಾಲ್‌ನ ಸೋಫಾ ಬೆಡ್ ಆಗಿರಬಹುದು. ಆಗ ಮಕ್ಕಳು ಮಲಗಿದ ಮೇಲೆ ಯಾರಿಗೂ ಕೂರಲು ಜಾಗ ಇಲ್ಲ, ಬೆಳಗ್ಗೆ ಐದಕ್ಕೆ ಏಳುವ ಅಮ್ಮ ಕಾಫಿ ಮಾಡಲು ಹೋದರೆ ಎಲ್ಲರಿಗೂ ಎಚ್ಚರ. ನಾಯಿಗಳಿಗೆ ಅವಕಾಶ ಇರುವ ಮನೆ ಜಾಸ್ತಿ, ಅಮ್ಮನಿಗೆ ಮಡಿ ಮೈಲಿಗೆ ಇದ್ದರೆ ನಾಯಿ ಬಿಡದ ಮನೆ ಅಂತ ಫಿಲ್ಟರ್ ಹಾಕಿ. ಬಿಸಿನೀರು ಟ್ಯಾಂಕಿನದೋ ಅಥವಾ ತಕ್ಷಣ ಕಾಯುವ ಬಾಯ್ಲರೋ ಕೇಳಿ. ಟ್ಯಾಂಕ್ ಆದರೆ ಆರು ಜನ ಸಾಲಾಗಿ ಸ್ನಾನ ಮಾಡಲು ಆಗುವುದಿಲ್ಲ, ರಾತ್ರಿ ಮೂವರು ಬೆಳಗ್ಗೆ ಮೂವರು ಅಂತ ಹಂಚಿಕೊಳ್ಳಿ. ಹೀಟಿಂಗ್ ಬಾಡಿಗೆಯಲ್ಲಿ ಸೇರಿದೆಯಾ ಅಂತಲೂ ಕೇಳಿ. ಆಗಸ್ಟ್‌ನಲ್ಲಿ ಹೀಟಿಂಗ್ ಯಾಕೆ ಅನ್ನಬೇಡಿ. ಅಲ್ಲಿ ಮಧ್ಯಾಹ್ನವೇ ಹದಿನೆಂಟು ಹತ್ತೊಂಬತ್ತು ಡಿಗ್ರಿ, ದಾವಣಗೆರೆಯಿಂದ ಬಂದವರಿಗೆ ಸಂಜೆ ಸ್ವೆಟರ್ ಸಾಲುವುದಿಲ್ಲ.

ಅಡುಗೆಮನೆ ವಿಷಯ ವಿವರವಾಗಿ ಹೇಳಬೇಕು. ಅಪ್ಪ ಅಮ್ಮನಿಗೆ ಮೊದಲೇ ಹೇಳಿ, ಇದು ಚಿಕ್ಕಮಗಳೂರಿನ ಹೋಮ್‌ಸ್ಟೇ ಅಲ್ಲ. ಅಲ್ಲಿ ಬಿಸಿ ಬಿಸಿ ಅಕ್ಕಿರೊಟ್ಟಿ ಮಾಡಿ ಬಡಿಸುತ್ತಾರೆ, ಇಲ್ಲಿ ಬೀಗದ ಕೈ ಡಬ್ಬಿಯಿಂದ ನಾವೇ ತೆಗೆದುಕೊಂಡು ಒಳಗೆ ಹೋಗಬೇಕು, ಬಹಳಷ್ಟು ಕಡೆ ಮಾಲೀಕರ ಮುಖವೂ ಕಾಣುವುದಿಲ್ಲ. ಪಾತ್ರೆ, ತಟ್ಟೆ, ಫ್ರಿಜ್, ಓವನ್ ಇರುತ್ತೆ. ಕುಕ್ಕರ್ ಇರುವುದಿಲ್ಲ, ನಮ್ಮ ಮಿಕ್ಸಿ ಇರುವುದಿಲ್ಲ, ದೊಡ್ಡ ಪಾತ್ರೆ ಒಂದು ಸಿಕ್ಕರೆ ಪುಣ್ಯ. ನಿಮ್ಮದೇ ಕುಕ್ಕರ್ ತೆಗೆದುಕೊಂಡು ಹೋಗಿ, ಆದರೆ ಒಲೆ ಯಾವುದು ಅಂತ ಮೊದಲು ಕೇಳಿ. ಇಂಡಕ್ಷನ್ ಆದರೆ ಸಾದಾ ಅಲ್ಯೂಮಿನಿಯಂ ಕುಕ್ಕರ್ ಕಾಯುವುದೇ ಇಲ್ಲ, ತಳಕ್ಕೆ ಮ್ಯಾಗ್ನೆಟ್ ಅಂಟುವಂಥ ಸ್ಟೀಲ್ ಕುಕ್ಕರ್ ಬೇಕು. ಕಬ್ಬಿಣದ ಹಂಚು ಯಾವ ಒಲೆಗಾದರೂ ಆಗುತ್ತೆ. ಮಸಾಲೆ ಡಬ್ಬಿ, ಸೋನಾ ಮಸೂರಿ, ತೊಗರಿಬೇಳೆ, ಹುಣಸೆಹಣ್ಣು, ಜೋಳದ ಹಿಟ್ಟು, ಕಾಫಿ ಪುಡಿ, ಫಿಲ್ಟರ್ ಎಲ್ಲಾ ಮನೆಯಿಂದಲೇ. ಸ್ನಾನದ ಮನೆಗೆ ಒಂದು ಚೊಂಬು ಇಡಲು ಮರೆಯಬೇಡಿ.

ಒಗ್ಗರಣೆ ಹಾಕುವ ಮುಂಚೆ ಕಿಟಕಿ ತೆಗೆಯಿರಿ, ಅಡುಗೆಮನೆ ಬಾಗಿಲು ಮುಚ್ಚಿ. ಎಷ್ಟೋ ಮನೆಗಳಲ್ಲಿ ಒಲೆಯ ಮೇಲಿನ ಫ್ಯಾನ್ ಹೊಗೆಯನ್ನು ಹೊರಗೆ ಹಾಕುವುದಿಲ್ಲ, ಸುಮ್ನೆ ಫಿಲ್ಟರ್ ಮಾಡಿ ವಾಪಸ್ ಒಳಗೇ ಬಿಡುತ್ತೆ. ಒಣಮೆಣಸಿನಕಾಯಿ ಘಾಟಿಗೆ ಸ್ಮೋಕ್ ಅಲಾರಂ ಕೂಗಿದರೆ ಇಡೀ ಸಾಲಿಗೆ ಕೇಳುತ್ತೆ. ಅಲಾರಂ ಮೇಲೆ ಬಟ್ಟೆ ಕಟ್ಟುವುದು, ಬ್ಯಾಟರಿ ತೆಗೆಯುವುದು ಮಾತ್ರ ಯಾವತ್ತೂ ಮಾಡಬೇಡಿ. ಮರದ ತೊಲೆಯ ಹಳೇ ಮನೆ, ಮಕ್ಕಳು ಮುದುಕರು ಒಳಗಿದ್ದಾರೆ. ಮೆಣಸಿನಕಾಯಿ ಒಗ್ಗರಣೆಪುಡಿ, ಚಟ್ನಿಪುಡಿ, ಗೊಜ್ಜು ಮನೆಯಲ್ಲೇ ಮಾಡಿ ಒಯ್ದರೆ ಅರ್ಧ ಕೆಲಸ ಮುಗಿಯಿತು. ಅರಿಶಿನ ಬಿಳಿ ಕಟ್ಟೆಗೆ ತಾಗಿದ ತಕ್ಷಣ ಒರೆಸಿ, ಒಣಗಿದರೆ ಕಲೆ ಹೋಗುವುದಿಲ್ಲ. ಹಳ್ಳಿ ಮನೆಗಳಲ್ಲಿ ಚರಂಡಿ ಬದಲು ಸೆಪ್ಟಿಕ್ ಟ್ಯಾಂಕ್ ಇರುತ್ತೆ, ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ, ಬಾಟಲಿಗೆ ಹಾಕಿ ಕಸಕ್ಕೆ ಹಾಕಿ.

ಶನಿವಾರ ಸಂಜೆ ನಾಲ್ಕಕ್ಕೆ ಮನೆ ಕೈಗೆ ಸಿಗುತ್ತೆ, ಬಿಡುವ ದಿನ ಬೆಳಗ್ಗೆ ಹತ್ತಕ್ಕೆ ಖಾಲಿ ಮಾಡಬೇಕು, ಸಾಮಾನ್ಯವಾಗಿ ಪದ್ಧತಿ ಹೀಗೆ. ಭಾನುವಾರ ಇಂಗ್ಲೆಂಡಿನಲ್ಲಿ ದೊಡ್ಡ ಅಂಗಡಿಗಳು ಆರು ಗಂಟೆ ಮಾತ್ರ ತೆಗೆದಿರುತ್ತವೆ ಅನ್ನುವುದು ನಿಮಗೆ ಗೊತ್ತೇ ಇದೆ. ಹಾಗಾಗಿ ಹಾಲು, ಮೊಸರು, ತರಕಾರಿ ಶನಿವಾರ ದಾರಿಯಲ್ಲೇ ತೆಗೆದುಕೊಳ್ಳಿ.

ಹೊರಗೆ ತಿನ್ನುವ ಬಗ್ಗೆ ಒಂದು ಮಾತು, ಇದನ್ನು ದಯವಿಟ್ಟು ಗಮನಿಸಿ. ಯಾರ್ಕ್‌ಶೈರ್ ಕಡೆ ಫಿಶ್ ಅಂಡ್ ಚಿಪ್ಸ್ ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲಿ ಕರಿಯುವುದು ಹಳೇ ಪದ್ಧತಿ. ಬೀಫ್ ಡ್ರಿಪ್ಪಿಂಗ್ ಅನ್ನುತ್ತಾರೆ. ಬರೀ ಚಿಪ್ಸ್ ಅಲ್ವಾ, ಆಲೂಗಡ್ಡೆ ತಾನೇ ಅಂತ ಅಮ್ಮನಿಗೆ ಕೊಡಿಸಬೇಡಿ. ಯಾವ ಎಣ್ಣೆ ಅಂತ ಕೇಳಿ, ಅವರು ಬೇಜಾರಿಲ್ಲದೆ ಹೇಳುತ್ತಾರೆ, ಸಸ್ಯದ ಎಣ್ಣೆಯಲ್ಲೇ ಕರಿಯುವ ಅಂಗಡಿಗಳೂ ಸಿಗುತ್ತವೆ. ಕೊಂಡ ಮೇಲೆ ಬಂದರಿನ ಹತ್ತಿರ ಕೈಯಲ್ಲಿ ಹಿಡಿದು ನಿಲ್ಲಬೇಡಿ, ಕಡಲಹಕ್ಕಿಗಳು ಮಕ್ಕಳ ಕೈಯಿಂದಲೇ ಕಿತ್ತುಕೊಂಡು ಹೋಗುತ್ತವೆ.

ತಾರೀಖು ಬದಲಾಯಿಸಲು ಆಗುತ್ತಾ ನೋಡಿ. ಮೂರ್ಸ್ ಅಂದರೆ ಮರ ಇಲ್ಲದ ಎತ್ತರದ ಬಯಲು, ಬಾಬಾಬುಡನ್‌ಗಿರಿಯ ಮೇಲೆ ನಿಂತಾಗ ಕಾಣುವ ಹಾಗೆ ಕಣ್ಣು ಹೋದಷ್ಟು ದೂರ ಅಲೆ ಅಲೆ ಗುಡ್ಡ. ಅಲ್ಲಿ ಹೆದರ್ ಅನ್ನುವ ಕುರುಚಲು ಗಿಡ ಆಗಸ್ಟ್‌ನಿಂದ ಸೆಪ್ಟೆಂಬರ್ ಮೊದಲ ಭಾಗದ ತನಕ ಹೂ ಬಿಡುತ್ತೆ, ಗುಡ್ಡಕ್ಕೆ ಗುಡ್ಡವೇ ನೇರಳೆ ಬಣ್ಣಕ್ಕೆ ತಿರುಗುತ್ತೆ. ಅಮ್ಮ ಅದನ್ನು ನೋಡಲೇಬೇಕು. ಮಕ್ಕಳ ಶಾಲೆ ಶುರುವಾಗುವ ಮುಂಚಿನ ಆಗಸ್ಟ್ ಕೊನೇ ವಾರ ನಿಮಗೆ ಸರಿ. ಮಕ್ಕಳು ಇನ್ನೂ ಶಾಲೆಗೆ ಸೇರದ ವಯಸ್ಸಿನವರಾದರೆ ಸೆಪ್ಟೆಂಬರ್ ಮೊದಲ ವಾರ ಇನ್ನೂ ಒಳ್ಳೆಯದು, ರಜೆ ಮುಗಿದು ಬಾಡಿಗೆ ಇಳಿದಿರುತ್ತೆ, ಹೂವೂ ಪೂರ್ತಿ ಹೋಗಿರುವುದಿಲ್ಲ.

ಒಂದೊಂದು ದಿನ ಸಮುದ್ರದ ಮೇಲಿಂದ ದಟ್ಟ ಮಂಜು ಬಂದು ಊರನ್ನೇ ಮುಚ್ಚುತ್ತೆ. ಬೆಚ್ಚಗಿನ ಗಾಳಿ ತಣ್ಣಗಿನ ನಾರ್ತ್ ಸೀ ಮೇಲೆ ಹಾದು ಬಂದಾಗ ಹೀಗಾಗುತ್ತೆ, ಅಲ್ಲಿಯವರು ಸೀ ಫ್ರೆಟ್ ಅನ್ನುತ್ತಾರೆ. ರಜೆ ಹಾಳಾಯಿತು ಅಂತ ಮನೆಯಲ್ಲಿ ಕೂರಬೇಡಿ. ಕೆಲವೇ ಮೈಲಿ ಒಳಗೆ, ಮೂರ್ಸ್ ಮೇಲೆ, ಅದೇ ಹೊತ್ತಿಗೆ ಬಿಸಿಲು ಇರಬಹುದು. ನಾನು ಎಸ್ಕ್ ಕಣಿವೆ ಅಂದಿದ್ದಕ್ಕೆ ಇದೂ ಒಂದು ಕಾರಣ, ಬೆಳಗ್ಗೆ ಎದ್ದು ಆಕಾಶ ನೋಡಿ ಯಾವ ಕಡೆ ಅಂತ ತೀರ್ಮಾನ ಮಾಡಬಹುದು.

ಅಪ್ಪನ ಮಂಡಿಗೆ ಒಗ್ಗುವ ತಿರುಗಾಟ ಬೇಕಾದಷ್ಟಿದೆ. ವಿಟ್ಬಿ ಅಬ್ಬೆಗೆ ಊರೊಳಗಿಂದ 199 ಮೆಟ್ಟಿಲು, ನೀವು ಮಕ್ಕಳು ಹತ್ತಿ. ಅಪ್ಪ ಅಮ್ಮನನ್ನು ಕಾರಿನಲ್ಲಿ ಹಿಂದಿನ ರಸ್ತೆಯಿಂದ ಮೇಲಕ್ಕೇ ಕರೆದುಕೊಂಡು ಹೋಗಬಹುದು, ಅಬ್ಬೆ ಪಕ್ಕದಲ್ಲೇ ಪಾರ್ಕಿಂಗ್ ಇದೆ. ಕ್ರಿ.ಶ. 657ರಲ್ಲಿ ಹಿಲ್ಡ್ ಅನ್ನುವ ಸನ್ಯಾಸಿನಿ ಕಟ್ಟಿದ ಮಠ ಅದು, ಈಗ ಕಾಣುವ ಕಲ್ಲಿನ ಗೋಡೆಗಳು ಆಮೇಲಿನ ಕಾಲದವು. ಆಕೆ ಹಾವುಗಳನ್ನು ಕಲ್ಲು ಮಾಡಿದಳು ಅಂತ ಅಲ್ಲಿನ ಕಥೆ. ಸಮುದ್ರದಂಡೆಯಲ್ಲಿ ಸಿಗುವ ಸುರುಳಿ ಸುರುಳಿ ಅಮೋನೈಟ್ ಪಳೆಯುಳಿಕೆಗಳೇ ಆ ಹಾವುಗಳು! ಮಕ್ಕಳಿಗೆ ಕಥೆ ಹೇಳಿ ಹುಡುಕಲು ಬಿಡಿ, ಗಂಟೆಗಟ್ಟಲೆ ಹುಡುಕುತ್ತಾರೆ. ಆದರೆ ಬಂಡೆಗೋಡೆಯ ಬುಡಕ್ಕೆ ಹೋಗಬಾರದು, ಕಲ್ಲು ಕುಸಿಯುತ್ತೆ. ಉಬ್ಬರ ಇಳಿತದ ಹೊತ್ತು ನೋಡದೆ ದಂಡೆಗುಂಟ ನಡೆಯಲೇಬಾರದು. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡೂವರೆ ಗಂಟೆ, ರಾಬಿನ್ ಹುಡ್ಸ್ ಬೇ ಕಡೆ ನೀರು ಬಂಡೆಗೋಡೆಯ ತನಕ ಬಂದು ದಾರಿಯೇ ಮುಚ್ಚಿಹೋಗುತ್ತೆ. ನೀರು ಇಳಿಯುತ್ತಿರುವಾಗ ಹೊರಟು, ಏರುವ ಮುಂಚೆ ವಾಪಸ್ ಬನ್ನಿ.

ಉಗಿಬಂಡಿ ತಪ್ಪಿಸಬೇಡಿ. ಪಿಕರಿಂಗ್‌ನಿಂದ ಗ್ರೋಸ್ಮಾಂಟ್‌ಗೆ 18 ಮೈಲಿ, ಮೂರ್ಸ್ ನಡುವೆಯೇ ಹೋಗುತ್ತೆ, ಕೆಲವು ಗಾಡಿ ವಿಟ್ಬಿ ತನಕ ಬರುತ್ತವೆ. 1836ರಲ್ಲಿ ಈ ದಾರಿ ಶುರುವಾದಾಗ ಬೋಗಿ ಎಳೆಯುತ್ತಿದ್ದದ್ದು ಕುದುರೆಗಳು, ದಾರಿ ಹಾಕಿಸಿದ್ದು ಜಾರ್ಜ್ ಸ್ಟೀಫನ್ಸನ್. ಅಪ್ಪ ಕೂತಲ್ಲಿಂದಲೇ ಎಲ್ಲಾ ನೋಡಬಹುದು. ಆಗಸ್ಟ್‌ಗೆ ಸೀಟು ಮೊದಲೇ ಬುಕ್ ಮಾಡಿ. ಗೋತ್‌ಲ್ಯಾಂಡ್‌ನಲ್ಲಿ ಇಳಿದರೆ ಊರ ನಡುವಿನ ಹುಲ್ಲಿನಲ್ಲಿ ಕುರಿಗಳು ಅವುಗಳ ಪಾಡಿಗೆ ಮೇಯುತ್ತಿರುತ್ತವೆ.

ಆ ಕುರಿಗಳು ರಸ್ತೆಗೂ ಬರುತ್ತವೆ. ಮೂರ್ಸ್ ಮೇಲಿನ ರಸ್ತೆಗೆ ಬೇಲಿ ಇಲ್ಲ, ಮರಿ ಒಂದು ಕಡೆ ತಾಯಿ ಇನ್ನೊಂದು ಕಡೆ ಇದ್ದರೆ ಖಂಡಿತ ಅಡ್ಡ ಓಡುತ್ತೆ, ನಿಧಾನ ಮಾಡಿ. ಸ್ಯಾಟ್‌ನ್ಯಾವ್ ಹತ್ತಿರದ ದಾರಿ ಅಂತ ರೋಸ್‌ಡೇಲ್ ಚಿಮ್ನಿ ಬ್ಯಾಂಕ್ ಕಡೆ ತಿರುಗಿಸಿದರೆ ಕೇಳಬೇಡಿ. ಮೂರು ಅಡಿ ಹೋದರೆ ಒಂದು ಅಡಿ ಏರುವಂಥ ದಿಣ್ಣೆ ಅದು, ಆರು ಜನ ತುಂಬಿದ ಕಾರಿಗೆ ಬೇಡದ ಪರೀಕ್ಷೆ. ಮ್ಯಾಂಚೆಸ್ಟರಿನಿಂದ ಬರುವಾಗ ಥರ್ಸ್ಕ್ ದಾಟಿದ ಮೇಲೆ ಸಿಗುವ ಸಟನ್ ಬ್ಯಾಂಕ್ ಕೂಡ ಕಡಿದೇ, ಕ್ಯಾರವಾನ್ ಬಿಡುವುದಿಲ್ಲ. ಯಾರ್ಕ್, ಮಾಲ್ಟನ್, ಪಿಕರಿಂಗ್ ಮೇಲೆ ಬಂದರೆ ಆರಾಮ. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಹೋಗುತ್ತೆ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಮಕ್ಕಳು ಜರಿಗಿಡದ ಪೊದೆಯಲ್ಲಿ ಆಡಿದ್ದರೆ ರಾತ್ರಿ ಕಾಲು, ಮಂಡಿ ಸಂದು ನೋಡಿ, ಉಣ್ಣೆ (ಟಿಕ್ ಅನ್ನುವ ರಕ್ತ ಹೀರುವ ಹುಳ) ಕಚ್ಚಿರಬಹುದು, ಅದರಿಂದ ಲೈಮ್ ಕಾಯಿಲೆ ಬರಬಹುದು.

ದುಡ್ಡಿನ ವಿಷಯ. ಅಪ್ಪ ಅಮ್ಮನ ವೀಸಾ ಇನ್ನೂ ಬಂದಿಲ್ಲ ಅಂದಿರಿ. ಹಾಗಾದರೆ ಕ್ಯಾನ್ಸಲ್ ಮಾಡಿದರೆ ಎಷ್ಟು ವಾಪಸ್ ಅನ್ನುವುದನ್ನು ಓದಿಯೇ ಅಡ್ವಾನ್ಸ್ ಕಟ್ಟಿ. ಆನ್‌ಲೈನ್ ಸಾಮಾನಿಗೆ ಇರುವ ಹದಿನಾಲ್ಕು ದಿನದ ವಾಪಸ್ ಹಕ್ಕು ತಾರೀಖು ಗೊತ್ತುಮಾಡಿದ ರಜೆ ಮನೆಗೆ ಇಲ್ಲ. ಹಿರಿಯರಿಗೆ ಟ್ರಾವೆಲ್ ಇನ್ಶೂರೆನ್ಸ್ ಬೇಕೇ ಬೇಕು. ಎಮರ್ಜೆನ್ಸಿ ವಿಭಾಗದಲ್ಲಿ ನೋಡುವುದು ಉಚಿತ, ಅಡ್ಮಿಟ್ ಮಾಡಿದರೆ ಬಿಲ್ ಬರುತ್ತೆ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವಿಟ್ಬಿಯಲ್ಲಿ ಎಷ್ಟೋ ಮನೆಗಳು ರಜೆ ಮನೆ ಆಗಿ ಹೋಗಿ ಅಲ್ಲೇ ಹುಟ್ಟಿ ಬೆಳೆದವರಿಗೆ ಮನೆ ಸಿಗುತ್ತಿಲ್ಲ. 2022ರ ಜೂನ್‌ನಲ್ಲಿ ಊರವರ ಮತ ಕೇಳಿದಾಗ, ಹೊಸದಾಗಿ ಕಟ್ಟುವ ಮನೆಗಳು ಅಲ್ಲೇ ಕಾಯಂ ಇರುವವರಿಗೆ ಮಾತ್ರ ಅಂತ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮತ ಬಿತ್ತು. ಅವರ ಕಷ್ಟ ನಿಜವಾದದ್ದು. ಅದಕ್ಕೇ ನನಗೆ ರೈತರು ತಮ್ಮ ಹಿತ್ತಲ ಕೊಟ್ಟಿಗೆಯನ್ನು ಮನೆ ಮಾಡಿ ಕೊಡುವುದು ಹೆಚ್ಚು ಇಷ್ಟ, ದುಡ್ಡು ಅಲ್ಲೇ ಉಳಿಯುತ್ತೆ. ತರಕಾರಿ, ಬ್ರೆಡ್ಡು ಅಲ್ಲಿನ ಅಂಗಡಿಯಲ್ಲೇ ಕೊಳ್ಳಿ. ರಾತ್ರಿ ಹತ್ತರ ಮೇಲೆ ಅಂಗಳದಲ್ಲಿ ಜೋರಾಗಿ ಫೋನ್ ಮಾತು ಬೇಡ, ಪಕ್ಕದ ಮನೆಯವರು ಬೆಳಗ್ಗೆ ಕೆಲಸಕ್ಕೆ ಹೋಗುವವರು.

ಸ್ಲೈಟ್ಸ್, ಗ್ರೋಸ್ಮಾಂಟ್ ಸುತ್ತ ಒಂದೇ ಮಹಡಿಯ ಎರಡು ಮೂರು ಮನೆ ಹುಡುಕಿ ಲಿಂಕ್ ಇಲ್ಲೇ ಹಾಕಿ. ಬಾಗಿಲು, ಬಾತ್‌ರೂಮ್, ಒಲೆ ಮೂರರ ಫೋಟೊ ಇರಲಿ, ನೋಡಿ ಹೇಳುತ್ತೇನೆ. ಆಗಸ್ಟ್‌ಗೆ ಮನೆಗಳು ಬೇಗ ಬುಕ್ ಆಗಿಹೋಗುತ್ತವೆ, ಈ ವಾರವೇ ಹುಡುಕಿ.