ಉಪ್ಪು ತಾಳುವ ಸಕ್ಕರೆ ಬೀಟ್ ಮೊಳಕೆಯಲ್ಲೇ ಏಕೆ ಸೋಲುತ್ತದೆ?

ಪುಣೆ ಜಿಲ್ಲೆಯ ಇಂದಾಪುರದ ಕಡೆ, ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಸವಳಾದ ಎರೆಹೊಲದಲ್ಲಿ ನಿಮ್ಮ ಬೀಗರು ಸಕ್ಕರೆ ಬೀಟ್ ಬಿತ್ತಿದ್ದು, ಅರ್ಧದಷ್ಟು ಬೀಜ ಮೇಲೇಳಲಿಲ್ಲವೆಂದು ಬರೆದಿದ್ದೀರಿ. ಉಪ್ಪು ತಾಳುವ ಬೆಳೆಗೆ ಹೀಗೇಕಾಯಿತು ಎಂಬುದು ನಿಮ್ಮ ಪ್ರಶ್ನೆ. ಪುಣೆಯಲ್ಲಿದ್ದು ಈ ಭಾಗದ ಕಬ್ಬು ಬೆಳೆಗಾರರೊಡನೆ ಬಹುಕಾಲ ಕೆಲಸ ಮಾಡಿರುವುದರಿಂದ ಉತ್ತರಿಸುತ್ತಿದ್ದೇನೆ.

ಸಕ್ಕರೆ ಬೀಟ್ ಉಪ್ಪು ತಾಳುತ್ತದೆ ಎಂಬುದು ಸುಳ್ಳಲ್ಲ, ಆದರೆ ಅರ್ಧ ಮಾತು. ಕಡಲತೀರದ ಕಾಡು ಬೀಟ್‌ನ ವಂಶದ ಈ ಬೆಳೆ, ಒಮ್ಮೆ ಬೇರೂರಿದ ಮೇಲೆ ಮಣ್ಣಿನ ಸಾರದ ವಿದ್ಯುತ್ ವಾಹಕತೆ (ಉಪ್ಪಿನಂಶವನ್ನು ತೋರಿಸುವ ಅಳತೆ) ಮೀಟರಿಗೆ 7 ಡೆಸಿಸೀಮೆನ್ಸ್ ಮುಟ್ಟುವವರೆಗೂ ಇಳುವರಿ ಬಿಟ್ಟುಕೊಡುವುದಿಲ್ಲ. ಮೊಳೆಯುವಾಗ ಮಾತ್ರ ಬೀಜದ ಸುತ್ತ ಅದು 3ನ್ನು ಮೀರಬಾರದು. ಸಾಲಿನಲ್ಲಿ ಹರಿಸಿದ ನೀರು ಪಕ್ಕದ ದಿಂಡಿಗೆ, ಅಂದರೆ ಸಾಲುಗಳ ನಡುವಿನ ಏರುಮಣ್ಣಿಗೆ, ಏರಿ ಆರುವಾಗ ಉಪ್ಪನ್ನು ದಿಂಡಿನ ನೆತ್ತಿಯಲ್ಲೇ ಬಿಟ್ಟುಹೋಗುತ್ತದೆ. ಹಾಗಾಗಿ ಹೊಲದ ಸರಾಸರಿ ಪರೀಕ್ಷೆ ಚೆನ್ನಾಗಿ ಬಂದರೂ ನೆತ್ತಿಯ ಮೇಲೆ ಊರಿದ ಬೀಜ ಅತಿ ಉಪ್ಪಿನ ಜಾಗದಲ್ಲಿ ಸಿಕ್ಕಿಕೊಂಡಿರುತ್ತದೆ. ಅಂಥ ಹೊಲದಲ್ಲಿ ದಿಂಡಿನ ಪಕ್ಕೆಗೆ ಬಿತ್ತುವುದು, ಅದಕ್ಕೂ ಮೊದಲು ಬಸಿಗಾಲುವೆ ಇರುವಲ್ಲಿ ಒಮ್ಮೆ ತುಂಬ ನೀರು ಕೊಟ್ಟು ಉಪ್ಪನ್ನು ಕೆಳಗಿಳಿಸುವುದು ಲೇಸು.

ಎರಡನೆಯ ಕಾರಣ ಹಕ್ಕಳೆ, ಅಂದರೆ ಮೇಲ್ಮಣ್ಣು ಒಣಗಿ ಕಟ್ಟುವ ಗಟ್ಟಿ ಪದರ. ಬೀಜವನ್ನು 2ರಿಂದ 3 ಸೆಂಟಿಮೀಟರಿಗಿಂತ ಆಳಕ್ಕೆ ಹಾಕುವಂತಿಲ್ಲ, ಏಕೆಂದರೆ ಅದರೊಳಗಿನ ಆಹಾರ ಬಹಳ ಕಡಿಮೆ. ಹಳೆಯ ತಳಿಗಳಲ್ಲಿ ಒಂದೇ ಬೀಜದಿಂದ ಹಲವು ಮೊಳಕೆಗಳು ಒಟ್ಟಾಗಿ ಮಣ್ಣು ಎತ್ತುತ್ತಿದ್ದವು. 1948ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ತಳಿ ವಿಜ್ಞಾನಿ ಸವಿಟ್ಸ್ಕಿ ಅವರು ಒಂಟಿ ಮೊಳಕೆಯ ಗಿಡಗಳನ್ನು ಪತ್ತೆಹಚ್ಚಿದ ಮೇಲೆ ಬಂದ ತಳಿಗಳು ಹೆಚ್ಚಾದ ಸಸಿ ಕೀಳುವ ಕೂಲಿಯನ್ನು ಉಳಿಸಿದವು, ಆದರೆ ಗಟ್ಟಿ ಹಕ್ಕಳೆಯನ್ನು ಒಂದು ಮೊಳಕೆ ಒಂಟಿಯಾಗಿಯೇ ಸೀಳಬೇಕಾಯಿತು. ಬಿತ್ತಿದ ನಾಲ್ಕೈದು ದಿನಕ್ಕೆ ಹಗುರವಾಗಿ ನೀರು ಕೊಟ್ಟು ಮೇಲ್ಮಣ್ಣನ್ನು ಮೆತ್ತಗಿಡುವುದು ಇದಕ್ಕಾಗಿಯೇ. ಹನಿ ನೀರಾವರಿಯಿದ್ದರೆ ಈ ಕೆಲಸ ಸುಲಭ.

ಯುರೋಪಿನಲ್ಲಿ ಮೊಳಕೆಗೆ ಶತ್ರು ಚಳಿ, ಸುಮಾರು 3 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೆಳವಣಿಗೆಯೇ ನಿಲ್ಲುತ್ತದೆ. ಇಲ್ಲಿ ಬೆಚ್ಚಗೆ ಜವುಗಾದ ಮಣ್ಣಿನ ಶಿಲೀಂಧ್ರಗಳೇ ಶತ್ರು. ಪಿಥಿಯಮ್, ರೈಜೋಕ್ಟೋನಿಯಾಗಳು ಮೇಲೆದ್ದ ಸಸಿಯನ್ನೂ ಬುಡದಲ್ಲಿ ಕೊಳೆಸುತ್ತವೆ. ಮಳೆ ಕಳೆದ ಮೇಲೆ, ಅಕ್ಟೋಬರ್–ನವೆಂಬರ್‌ನಲ್ಲಿ ಬಿತ್ತಲು ಹೇಳುವುದಕ್ಕೆ ಇದೂ ಒಂದು ಕಾರಣ. ಬೀಜಕ್ಕೆ ತಾಗುವಂತೆ ಯೂರಿಯಾ ಹಾಕುವ ಅಭ್ಯಾಸವನ್ನಂತೂ ಬಿಡಲೇಬೇಕು.

ಸಾಲಿನ ಅಂತರ 50, ಗಿಡದ ಅಂತರ 20 ಸೆಂಟಿಮೀಟರ್ ಇಟ್ಟರೆ ಹೆಕ್ಟೇರಿಗೆ 1 ಲಕ್ಷ ಗಿಡ ಕೂರುತ್ತವೆ. ಖಾಲಿ ಜಾಗಕ್ಕೆ ಬೇರೆಡೆಯ ಸಸಿ ಕಿತ್ತು ನೆಡುವುದು ವ್ಯರ್ಥ, ತಾಯಿಬೇರು ತುಂಡಾದ ಗಡ್ಡೆ ಕವಲೊಡೆಯುತ್ತದೆ. ಉಳಿದ ಗಿಡಗಳು ಹೊಲದ ತುಂಬ ಸಮನಾಗಿ ಹರಡಿದ್ದರೆ ಅಳಿಸಿ ಬಿತ್ತದೆ, ಮೊದಲ ಆರರಿಂದ ಎಂಟು ವಾರ ಕಳೆ ಏಳದಂತೆ ನೋಡಿಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ. ಮೊಳಕೆ ಬರದ ಜಾಗದ ಮತ್ತು ಬಂದ ಜಾಗದ ಮೇಲಿನ 5 ಸೆಂಟಿಮೀಟರ್ ಮಣ್ಣನ್ನು ಬೇರೆ ಬೇರೆ ಚೀಲಗಳಲ್ಲಿ ಪರೀಕ್ಷೆಗೆ ಕೊಡಲಿ. ಎರಡರ ವಾಹಕತೆಯಲ್ಲಿ ದೊಡ್ಡ ವ್ಯತ್ಯಾಸ ಕಾಣದಿದ್ದರೆ ಉಪ್ಪನ್ನು ಬಿಟ್ಟು ಹಕ್ಕಳೆ, ಆಳ, ರೋಗಗಳ ಕಡೆ ನೋಡಬೇಕಾಗುತ್ತದೆ.