ಗುಲಾಬಿಗೆ ಕತ್ತರಿ ಹಾಕುವ ಕಾಲ

ಪ್ರಶ್ನೆ: ನಮ್ಮ ಅಂಗಳದ ಕಸಿ ಗುಲಾಬಿಗಳನ್ನು ಜುಲೈಯಲ್ಲಿ ಸವರಿದ್ದೆವು. ಈಗ ಕತ್ತರಿಸಿದ ತುದಿಯಿಂದ ಕೊಂಬೆಗಳು ಕಪ್ಪಾಗಿ ಒಣಗುತ್ತಾ ಕೆಳಗಿಳಿಯುತ್ತಿವೆ. ಎಲೆಗಳಲ್ಲಿ ಕಪ್ಪು ಚುಕ್ಕೆಗಳು ಮೂಡಿ, ಹಳದಿಯಾಗಿ ಉದುರುತ್ತಿವೆ. ಗಿಡಗಳು ಉಳಿದಾವೇ?
– ಓದುಗರೊಬ್ಬರು, ಉಡುಪಿ

ಉತ್ತರ: ಕಪ್ಪು ಬಣ್ಣ ಕಸಿಯ ಗಂಟಿನವರೆಗೆ, ಅಂದರೆ ಬುಡದ ಬಳಿ ಕಸಿ ಕೂಡಿರುವ ಜಾಗದವರೆಗೆ, ಇಳಿಯದಿದ್ದರೆ ಉಳಿಸಿಕೊಳ್ಳಬಹುದು. ಇಲ್ಲಿರುವುದು ಎರಡು ಬೇರೆ ಬೇರೆ ಶಿಲೀಂಧ್ರ ರೋಗಗಳು. ತುದಿ ಒಣಗುವ ರೋಗವು ಕತ್ತರಿಸಿದ ಗಾಯದ ಮೂಲಕ ಒಳಹೊಗುತ್ತದೆ. ಕಪ್ಪು ಚುಕ್ಕೆ ರೋಗವು ಏಳೆಂಟು ಗಂಟೆ ಒದ್ದೆಯಾಗಿಯೇ ಇರುವ ಎಲೆಗೆ ತಗಲುತ್ತದೆ. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುವ ನಮ್ಮ ಕರಾವಳಿಯಲ್ಲಿ ಆಟಿ ತಿಂಗಳ (ಜುಲೈ-ಆಗಸ್ಟ್) ಆಸುಪಾಸಿನಲ್ಲಿ ಗುಲಾಬಿಯನ್ನು ಸವರಿದರೆ, ಹಸಿ ಗಾಯವನ್ನು ರೋಗಕ್ಕೆ ಒಡ್ಡಿದಂತೆಯೇ ಸರಿ. ಮಳೆ ಕಡಿಮೆಯಿರುವ ಊರಿನ ಕ್ರಮವನ್ನು ಇಲ್ಲಿ ಅನುಸರಿಸಬಾರದು.

ಸದ್ಯಕ್ಕೆ, ಮಳೆ ಬಿಡುವು ಕೊಟ್ಟ ದಿನ ಒಣಗಿದ ಭಾಗವನ್ನು ಮಾತ್ರ ತೆಗೆಯಿರಿ. ಕತ್ತರಿಸಿದ ಕಡೆ ಕಂದು ಬಣ್ಣ ಕಂಡರೆ ಇನ್ನಷ್ಟು ಕೆಳಗೆ ಹೋಗಿ, ತಿರುಳು ಬಿಳಿಯಾಗಿ ಕಾಣುವಲ್ಲಿ ನಿಲ್ಲಿಸಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಕತ್ತರಿಯ ಅಲಗನ್ನು ಸ್ಪಿರಿಟ್‌ನಿಂದ ಒರೆಸಿ. ಗಾಯಕ್ಕೆ ಬೋರ್ಡೋ ಪೇಸ್ಟ್ ಬಳಿಯಬೇಕು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ನಮ್ಮವರಿಗೆ ಇದು ಹೊಸತಲ್ಲ, ಗಾಢವಾಗಿರುತ್ತದೆ ಅಷ್ಟೇ: 10 ಗ್ರಾಂ ಮೈಲುತುತ್ತನ್ನು 50 ಮಿ.ಲೀ. ನೀರಿನಲ್ಲಿ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ, ಅಷ್ಟೇ ನೀರಿನಲ್ಲಿ ಕದಡಿದ 10 ಗ್ರಾಂ ಸುಣ್ಣಕ್ಕೆ ಬೆರೆಸಿ, ಅಂದೇ ಬಳಸಿ ಮುಗಿಸಿ. ಉದುರಿದ ಎಲೆಗಳನ್ನು ಆಯ್ದು ಸುಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ರೋಗದ ಬೀಜಾಣುಗಳು ಅವುಗಳಲ್ಲೇ ಉಳಿದಿರುತ್ತವೆ.

ಪೂರ್ಣವಾಗಿ ಸವರಲು ಮಳೆ ಹಿಂದೆ ಸರಿಯುವ ಅಕ್ಟೋಬರ್ ಉತ್ತರಾರ್ಧ ಸೂಕ್ತ. ಬಲವಾದ ನಾಲ್ಕೈದು ಕೊಂಬೆಗಳನ್ನು ಅರ್ಧ ಎತ್ತರಕ್ಕೆ ಉಳಿಸಿ, ಸಣಕಲು ರೆಂಬೆಗಳನ್ನೂ ಒಂದಕ್ಕೊಂದು ಉಜ್ಜುವವುಗಳನ್ನೂ ಬುಡಕ್ಕೇ ತೆಗೆಯಿರಿ. ಹೊರಮುಖವಾದ ಕಣ್ಣಿನಿಂದ (ಚಿಗುರೊಡೆಯುವ ಗೆಣ್ಣಿನಿಂದ) ಅರ್ಧ ಸೆಂಟಿಮೀಟರ್ ಮೇಲೆ, ನೀರು ಕಣ್ಣಿನತ್ತ ಹರಿಯದಂತೆ ಓರೆಯಾಗಿ ಕತ್ತರಿಸಬೇಕು. ಆಗ ಚಿಗುರು ಹೊರಕ್ಕೆ ಹರಡಿ, ಗಿಡದ ನಡುವೆ ಗಾಳಿಯಾಡಿ, ಎಲೆ ಬೇಗ ಆರುತ್ತದೆ. ಆರರಿಂದ ಎಂಟು ವಾರಗಳಲ್ಲಿ ಹೂ ಬರುತ್ತದೆ. ಕಸಿಯ ಗಂಟಿನ ಕೆಳಗಿನ ಚಿಗುರನ್ನು ಮಾತ್ರ ಬೆಳೆಯಲು ಬಿಡಬೇಡಿ. ಗಿಡ ತೆಂಗಿನ ನೆರಳಿನಲ್ಲಿದ್ದರೆ ಮೊದಲು ಜಾಗ ಬದಲಿಸಿ. ದಿನಕ್ಕೆ ಐದಾರು ಗಂಟೆಯ ಬಿಸಿಲಿಲ್ಲದ ಗುಲಾಬಿಗೆ ಯಾವ ಔಷಧಿಯೂ ಸಾಲದು.

ಪ್ರಶ್ನೆ: ತಾರಸಿಯ ಕುಂಡದ ಗುಲಾಬಿಯ ಮೊಗ್ಗುಗಳು ಅಂಚು ಕಂದಿ ಸರಿಯಾಗಿ ಅರಳುತ್ತಿಲ್ಲ. ಕಾಂಡದ ಮೇಲೆ ಹುರುಪೆಯಂತಹದೇನೋ ಅಂಟಿಕೊಂಡಿದೆ.
– ಓದುಗರೊಬ್ಬರು, ಮಂಗಳೂರು

ಉತ್ತರ: ಮೊಗ್ಗನ್ನು ಬಿಳಿ ಕಾಗದದ ಮೇಲೆ ಕೊಡವಿ ನೋಡಿ, ಕಡ್ಡಿಯಂತಹ ಸಣ್ಣ ಕೀಟಗಳು ಓಡಾಡಿದರೆ ಅವು ಥ್ರಿಪ್ಸ್. ಬಾಧೆಗೊಳಗಾದ ಮೊಗ್ಗುಗಳನ್ನು ಕಿತ್ತು, ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆಯನ್ನು ತುಸು ಸಾಬೂನು ದ್ರಾವಣದೊಡನೆ ಬೆರೆಸಿ, ವಾರಕ್ಕೊಮ್ಮೆ ಸಂಜೆ ಸಿಂಪಡಿಸಿ. ಕಾಂಡದ ಮೇಲಿನದು ಶಲ್ಕ ಕೀಟ. ಅದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಾಬೂನು ನೀರು ಹಾಕಿ ಉಜ್ಜಿ ತೆಗೆದು, ಬಳಿಕ ಅದೇ ಬೇವಿನ ದ್ರಾವಣವನ್ನು ಕಾಂಡಕ್ಕೂ ಸಿಂಪಡಿಸಿದರೆ ಸಾಕು.