ಸೀ ಅರ್ಚಿನ್, ಸೀ ಕುಕುಂಬರ್ ಇವನ್ನೆಲ್ಲ ಜನ ನಿಜವಾಗಿಯೂ ತಿನ್ನುತ್ತಾರಾ? ಬೇರೆ ಏನಾದರೂ ಉಪಯೋಗ ಇದೆಯಾ?

ತಿನ್ನುತ್ತಾರೆ, ನಾನೂ ತಿಂದಿದ್ದೇನೆ. ಕೆಲಸದ ಮೇಲೆ ಎರಡು ವರ್ಷ ಜಪಾನಿನ ಹೊಕ್ಕೈಡೊದಲ್ಲಿದ್ದೆ. ಸೀ ಅರ್ಚಿನ್ ಅಂದರೆ ಮೈತುಂಬ ಮುಳ್ಳಿರುವ ಉಂಡೆಯಂಥ ಕಡಲ ಪ್ರಾಣಿ, ಅದಕ್ಕೆ ಅಲ್ಲಿ 'ಉನಿ' ಅಂತಾರೆ. ಹಕೊಡಾಟೆಯ ಬೆಳಗಿನ ಸಂತೆಯಲ್ಲಿ ಅಂಗಡಿಯಾಕೆ ನನ್ನೆದುರೇ ಒಂದನ್ನು ಕತ್ತರಿಯಿಂದ ಬಿಡಿಸಿದರು. ಮುಳ್ಳುಗಳು ಇನ್ನೂ ಅಲ್ಲಾಡುತ್ತಿದ್ದವು. ಒಳಗಿನ ನೀರು ಚೆಲ್ಲಿದ ಮೇಲೆ ಚಿಪ್ಪಿಗೆ ಅಂಟಿಕೊಂಡ ಐದು ಕಿತ್ತಳೆ ಬಣ್ಣದ ಎಸಳು ಕಂಡವು. ತಿನ್ನುವುದು ಅಷ್ಟನ್ನೇ. ಎಲ್ಲರೂ ಮೊಟ್ಟೆ ಅಂತಾರೆ, ಆದರೆ ಅದು ಮೊಟ್ಟೆ ಅಥವಾ ವೀರ್ಯ ತಯಾರಾಗುವ ಅಂಗ. ಗಂಡಿನದನ್ನೂ ತಿನ್ನುತ್ತಾರೆ! ಸ್ವಲ್ಪ ಸಿಹಿ, ಸ್ವಲ್ಪ ಉಪ್ಪು, ಬೆಣ್ಣೆ ಹಾಗೆ ಕರಗುತ್ತೆ.

ಅದಕ್ಕೂ ಮೊದಲು ಒಂದು ಸುಶಿ ಅಂಗಡಿಯಲ್ಲಿ ತಿಂದಿದ್ದು ಕಹಿ ಹೊಡೆದು, ಜನ್ಮದಲ್ಲಿ ಇನ್ನು ಬೇಡ ಅಂದುಕೊಂಡಿದ್ದೆ. ಕಾರಣ ಪಟಿಕ. ಎಸಳು ಕರಗದಿರಲಿ ಅಂತ ಪಟಿಕದ ನೀರಲ್ಲಿ ಅದ್ದಿ ಪೆಟ್ಟಿಗೆಗೆ ತುಂಬುತ್ತಾರೆ. ಉಪ್ಪುನೀರಲ್ಲಿಟ್ಟಿದ್ದನ್ನೇ ಕೇಳಿ ತಗೊಳ್ಳಿ.

ಸೀ ಕುಕುಂಬರ್, ಅಂದರೆ ಸೌತೆಕಾಯಿ ಆಕಾರದ ಮೆತ್ತನೆ ಕಡಲ ಪ್ರಾಣಿ, ಅಲ್ಲಿ ಹಸಿಯಾಗೇ ಸಿಗುತ್ತೆ, ವಿನೆಗರ್ ಹಾಕಿದ ಹೋಳು. ನನಗೆ ಹಿಡಿಸಲಿಲ್ಲ, ಸುಮ್ನೆ ರಬ್ಬರ್ ಅಗಿದ ಹಾಗೆ. ಇದರ ದೊಡ್ಡ ಗಿರಾಕಿ ಚೀನಾ. ಹೊಟ್ಟೆ ಸೀಳಿ, ಬೇಯಿಸಿ, ಕಲ್ಲಿನಂತಾಗುವವರೆಗೆ ಒಣಗಿಸುತ್ತಾರೆ. ಅಡುಗೆಗೆ ಮುಂಚೆ ದಿನಗಟ್ಟಲೆ ನೆನೆಸಬೇಕು. ಸ್ವಂತ ರುಚಿ ಅಂತ ಏನೂ ಇಲ್ಲ, ಸಾರಿನ ರುಚಿಯನ್ನೇ ಹೀರಿಕೊಳ್ಳುತ್ತೆ. ಆದರೂ ಮೈಗೆ ಬಲ ಕೊಡುತ್ತೆ ಅನ್ನೋ ನಂಬಿಕೆ. ಅದಕ್ಕೇ ಅಷ್ಟು ಬೆಲೆ.

ಇದನ್ನು ಹುಡುಕಿಕೊಂಡು ಈಗಿನ ಇಂಡೋನೇಷ್ಯಾದ ಸುಲಾವೆಸಿ ದ್ವೀಪದ ಮಕಾಸ್ಸರ್ ನಾವಿಕರು 18ನೇ ಶತಮಾನದಲ್ಲೇ ಮಳೆಗಾಲದ ಗಾಳಿ ಹಿಡಿದು ಉತ್ತರ ಆಸ್ಟ್ರೇಲಿಯಾಕ್ಕೆ ಬರುತ್ತಿದ್ದರು. ದಡದಲ್ಲೇ ಬಿಡಾರ ಹಾಕಿ, ಬೇಯಿಸಿ, ಹೊಗೆಯಲ್ಲಿ ಒಣಗಿಸಿ ಒಯ್ಯುತ್ತಿದ್ದರು. 1907ರಲ್ಲಿ ಅದು ನಿಂತಿತು. ಊಟಕ್ಕೆ ತಂದಿದ್ದ ಹುಣಸೆಯ ಬೀಜ ಅಲ್ಲೇ ಬಿದ್ದು ಮೊಳೆತಿದೆ. ಉತ್ತರ ಆಸ್ಟ್ರೇಲಿಯಾದ ಅರ್ನ್‌ಹೆಮ್ ಲ್ಯಾಂಡ್ ಕಡಲಂಚಿನಲ್ಲಿ ಹಳೇ ಹುಣಸೆ ಮರ ಕಂಡರೆ ಅಲ್ಲಿ ಅವರ ಒಲೆ ಉರಿದಿತ್ತು ಅಂತ ಅರ್ಥ. ನನಗಂತೂ ಈ ಪ್ರಾಣಿಯ ಬಗ್ಗೆ ಓದಿದ್ದರಲ್ಲಿ ಇದೇ ಜಾಸ್ತಿ ಇಷ್ಟ.

ನಮ್ಮಲ್ಲಿ ಮನ್ನಾರ್ ಕೊಲ್ಲಿಯ ತಮಿಳು ಮೀನುಗಾರರು ಸೀ ಕುಕುಂಬರ್‌ಗೆ 'ಕಡಲ್ ಅಟ್ಟೈ' ಅಂತಾರೆ, ಕಡಲ ಜಿಗಣೆ. ತಾವು ತಿನ್ನುತ್ತಿರಲಿಲ್ಲ, ರಫ್ತಿಗೆ ಹಿಡಿಯುತ್ತಿದ್ದರು. 2001ರಲ್ಲಿ ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲಿಗೆ, ಅಂದರೆ ಹುಲಿ ಇರುವ ಪಟ್ಟಿಗೇ ಸೇರಿಸಿದರು. ಹಿಡಿದರೆ ಜೈಲು. ಕಳ್ಳಸಾಗಣೆ ಮಾತ್ರ ನಿಂತಿಲ್ಲ.

ತಿನ್ನುವುದು ಬಿಟ್ಟು ಅಂದಿರಲ್ಲ, ಅದರಲ್ಲಿ ಅರ್ಚಿನ್ನೇ ಮುಂದು. ಪ್ರಯೋಗಾಲಯದಲ್ಲಿ ಅದರ ಮೈಗೆ ಸ್ವಲ್ಪ ಪೊಟ್ಯಾಸಿಯಂ ಕ್ಲೋರೈಡ್ ಚುಚ್ಚಿ ಬೀಕರ್ ಮೇಲೆ ಮಗುಚಿಟ್ಟರೆ ಮೊಟ್ಟೆಗಳು ತಾವಾಗೇ ಇಳಿಯುತ್ತವೆ, ರಾಶಿ ರಾಶಿ. ಎಷ್ಟೋ ಜಾತಿಗಳಲ್ಲಿ ಅವು ಗಾಜಿನಂತೆ ಪಾರದರ್ಶಕ. ಮೊಟ್ಟೆಗೂ ವೀರ್ಯಕ್ಕೂ ಸೇರಿದ ಎರಡು ನ್ಯೂಕ್ಲಿಯಸ್ ಒಂದಾಗುವುದನ್ನು ಜರ್ಮನ್ ವಿಜ್ಞಾನಿ ಆಸ್ಕರ್ ಹರ್ಟ್‌ವಿಗ್ 1876ರಲ್ಲಿ ತೋರಿಸಿಕೊಟ್ಟಿದ್ದು ಇದರಲ್ಲೇ. ಜೀವಕೋಶ ಒಡೆದು ಎರಡಾಗುವ ಹೊತ್ತನ್ನು ನಿಯಂತ್ರಿಸುವ ಸೈಕ್ಲಿನ್ ಅನ್ನೋ ಪ್ರೋಟೀನ್ ಬ್ರಿಟಿಷ್ ವಿಜ್ಞಾನಿ ಟಿಮ್ ಹಂಟ್‌ಗೆ 1982ರಲ್ಲಿ ಸಿಕ್ಕಿದ್ದೂ ಇದರ ಮೊಟ್ಟೆಯಲ್ಲೇ. 2001ರಲ್ಲಿ ನೊಬೆಲ್ ಬಂತು.

ಇನ್ನೊಂದು ಜಾತಿಯ ಮುಳ್ಳು ಬೆರಳಿನಷ್ಟು ದಪ್ಪ. ಅದರಿಂದ ಹಿಂದೆ ಸ್ಲೇಟಿನ ಮೇಲೆ ಬರೆಯುತ್ತಿದ್ದರಂತೆ. ಅದಕ್ಕೇ ಹೆಸರು ಸ್ಲೇಟ್ ಪೆನ್ಸಿಲ್ ಅರ್ಚಿನ್. ನಾವು ಬಳಪ ಅಂತಿದ್ವಲ್ಲ, ಅದೇ.